ಪೇರ್ ಆಗಿದೆ, ಆದರೂ ಯಾಕೆ ಕನೆಕ್ಟ್ ಆಗುತ್ತಿಲ್ಲ? ಮೊಬೈಲಿನ ಬ್ಲೂಟೂತ್ ಒಳಗೆ ನಡೆಯುವುದೇನು

ಬ್ಲೂಟೂತ್ ಕೈಕೊಟ್ಟಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಆಫ್ ಮಾಡಿ ಆನ್ ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಫೋನ್ ರೀಸ್ಟಾರ್ಟ್. ಕೆಲವು ಸಲ ಸರಿಹೋಗುತ್ತದೆ, ಆದರೆ ಯಾಕೆ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಮುಂದಿನ ವಾರ ಮತ್ತೆ ಅದೇ ಪರದಾಟ. ನನಗೆ ಇದು ಬೇಸರದ ವಿಷಯ, ಯಾಕೆಂದರೆ ಬ್ಲೂಟೂತ್ ಅಷ್ಟೇನೂ ನಿಗೂಢವಲ್ಲ. ಪೇರಿಂಗ್ ಬೇರೆ, ಕನೆಕ್ಷನ್ ಬೇರೆ ಅನ್ನುವುದು ಒಂದು ತಲೆಗೆ ಹತ್ತಿದರೆ ದಿನನಿತ್ಯದ ಬಹುಪಾಲು ತೊಂದರೆಗಳಿಗೆ ಕಾರಣ ತಾನಾಗಿಯೇ ಕಾಣುತ್ತದೆ.

ಮೊದಲು ಪೇರಿಂಗ್. ಎರಡು ಸಾಧನಗಳು ಮೊದಲ ಸಲ ಸಿಕ್ಕಾಗ ಸೇರಿ ಒಂದು ರಹಸ್ಯ ಕೀ ತಯಾರಿಸುತ್ತವೆ. ಅದರ ಒಂದು ಪ್ರತಿ ಫೋನಿನಲ್ಲಿ ಉಳಿಯುತ್ತದೆ, ಇನ್ನೊಂದು ಇಯರ್‌ಬಡ್ಸ್‌ನಲ್ಲೋ ಕಾರಿನಲ್ಲೋ ಉಳಿಯುತ್ತದೆ. ಕಾರಿಗೆ ಜೋಡಿಸುವಾಗ ಎರಡೂ ಪರದೆಯ ಮೇಲೆ ಆರು ಅಂಕಿಯ ಒಂದೇ ಸಂಖ್ಯೆ ಬರುತ್ತದಲ್ಲ, ಅದು ಪಾಸ್‌ವರ್ಡ್ ಅಲ್ಲ. ನಡುವೆ ಮೂರನೆಯವರು ಯಾರೂ ನುಸುಳಿಲ್ಲ ಎಂದು ನಾವು ಕಣ್ಣಾರೆ ಖಚಿತಪಡಿಸಿಕೊಳ್ಳಲು ಇಟ್ಟಿರುವ ವ್ಯವಸ್ಥೆ. ಆದ್ದರಿಂದ ಸುಮ್ನೆ ಓಕೆ ಒತ್ತಬೇಡಿ, ಎರಡೂ ಕಡೆ ಅಂಕಿ ಒಂದೇ ಇದೆಯಾ ನೋಡಿ. 2007ರಲ್ಲಿ ಬಂದ 2.1ನೇ ಆವೃತ್ತಿಯಿಂದ ಈ ಪದ್ಧತಿ ಇದೆ. ಅದಕ್ಕೂ ಹಿಂದಿನ ಸಾಧನಗಳು ಪಿನ್ ಕೇಳುತ್ತಿದ್ದವು. ಹಳೆಯ ಕಾರ್ ಸ್ಟೀರಿಯೊ ಈಗಲೂ ಪಿನ್ ಕೇಳಿದರೆ 0000 ಅಥವಾ 1234 ಹಾಕಿ ನೋಡಿ, ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ.

ಕನೆಕ್ಷನ್ ಅಂದರೆ ಆಮೇಲಿನ ಮಾತು. ಒಬ್ಬರ ನಂಬರ್ ಸೇವ್ ಮಾಡಿಕೊಳ್ಳುವುದು ಬೇರೆ, ಅವರೊಡನೆ ಕಾಲ್‌ನಲ್ಲಿ ಇರುವುದು ಬೇರೆ, ಅಲ್ವಾ? ಇಲ್ಲಿಯೂ ಹಾಗೆಯೇ. ಫೋನಿನ ಪಟ್ಟಿಯಲ್ಲಿ ಇಪ್ಪತ್ತು ಸಾಧನಗಳು ಪೇರ್ ಆಗಿರಬಹುದು, ಈ ಕ್ಷಣ ಒಂದೂ ಕನೆಕ್ಟ್ ಆಗಿರದೆಯೂ ಇರಬಹುದು. ಪೇರಿಂಗ್ ಒಂದು ಸಲ ಮಾಡಿದರೆ ಸಾಕು. ಕನೆಕ್ಷನ್ ಮಾತ್ರ ಪ್ರತಿ ಸಲ ಹೊಸದಾಗಿ ಆಗಬೇಕು, ಮತ್ತು ಪ್ರತಿ ಸಲವೂ ಎರಡೂ ಕಡೆಯ ಕೀ ತಾಳೆಯಾಗಬೇಕು.

ಈ 'ಎರಡೂ ಕಡೆ' ಅನ್ನುವುದರಲ್ಲೇ ಗುಟ್ಟಿದೆ. ಫೋನಿನಲ್ಲಿ ಸಾಧನವನ್ನು ಫರ್ಗೆಟ್ ಅಥವಾ ಅನ್‌ಪೇರ್ ಮಾಡಿದಾಗ ಫೋನಿನ ಪ್ರತಿ ಮಾತ್ರ ಅಳಿಸಿಹೋಗುತ್ತದೆ. ಇಯರ್‌ಬಡ್ಸ್ ಹತ್ತಿರ ಇರುವ ಹಳೆಯ ಕೀ ಹಾಗೆಯೇ ಉಳಿಯಬಹುದು. ಫೋನ್ ಫ್ಯಾಕ್ಟರಿ ರೀಸೆಟ್ ಮಾಡಿದಾಗಲೂ ಇದೇ ಕಥೆ. ಕಾರಿನ ಮಟ್ಟಿಗೆ ನೀವು ಹಳೆಯ ಪರಿಚಯದವರು, ಫೋನಿಗೆ ಕಾರು ಯಾರೆಂದೇ ಗೊತ್ತಿಲ್ಲ. ಕನೆಕ್ಟ್ ಆದಂತೆ ಮಾಡಿ ಎರಡು ಸೆಕೆಂಡಿನಲ್ಲಿ ಕಡಿದುಹೋಗುವುದು, 'ಪೇರಿಂಗ್ ವಿಫಲ' ಅಂತ ಬರುತ್ತಲೇ ಇರುವುದು, ಇವೆಲ್ಲ ಹಲವು ಸಲ ಈ ಕೀ ಹೊಂದಾಣಿಕೆಯಾಗದ ಲಕ್ಷಣಗಳು. ಫೋನಿನಲ್ಲಿ ಎಷ್ಟು ಸಲ ಆಫ್ ಆನ್ ಮಾಡಿದರೂ ಇದು ಹೋಗುವುದಿಲ್ಲ. ಕಾರಿನ ಪರದೆಯಲ್ಲಿರುವ ಫೋನ್‌ಗಳ ಪಟ್ಟಿಗೆ ಹೋಗಿ ಅಲ್ಲೂ ನಿಮ್ಮ ಫೋನಿನ ಹೆಸರು ಅಳಿಸಿ, ಫೋನಿನಲ್ಲೂ ಅಳಿಸಿ, ಆಮೇಲೆ ಮೊದಲಿಂದ ಪೇರ್ ಮಾಡಬೇಕು. ಪರದೆ ಇಲ್ಲದ ಸ್ಪೀಕರ್, ಇಯರ್‌ಬಡ್ಸ್‌ಗಳಲ್ಲಿ ಇದಕ್ಕೆಂದು ಒಂದು ಗುಂಡಿಯನ್ನು ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕಾಗುತ್ತದೆ. ಯಾವ ಗುಂಡಿ, ಎಷ್ಟು ಹೊತ್ತು ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ಥರ. ಡಬ್ಬಿಯಲ್ಲಿ ಬರುವ ಆ ಸಣ್ಣ ಚೀಟಿಯನ್ನು ಎಸೆಯಬೇಡಿ, ಫೋಟೊ ತೆಗೆದು ಇಟ್ಟುಕೊಳ್ಳಿ.

ಇನ್ನು ಮನೆ ಮನೆಯ ಜಗಳಕ್ಕೆ ಬರೋಣ. ಹಾಲ್‌ನಲ್ಲಿ ಒಂದು ಸ್ಪೀಕರ್ ಇದೆ. ಮಗಳ ಫೋನಿಗೂ ಪೇರ್ ಆಗಿದೆ, ಅಪ್ಪನ ಫೋನಿಗೂ ಆಗಿದೆ. ಅಪ್ಪ ಬೆಳಿಗ್ಗೆ ಸುಪ್ರಭಾತ ಹಾಕೋಣ ಅಂತ ಸ್ಪೀಕರ್ ಆನ್ ಮಾಡಿದರೆ ಅದು ಹೋಗಿ ರೂಮಿನಲ್ಲಿ ಮಲಗಿರುವ ಮಗಳ ಫೋನನ್ನು ಹಿಡಿದುಕೊಳ್ಳುತ್ತದೆ. ಅಪ್ಪನ ಫೋನಿನಲ್ಲಿ ಎಷ್ಟು ಒತ್ತಿದರೂ ಕನೆಕ್ಟ್ ಆಗುವುದಿಲ್ಲ. ಸ್ಪೀಕರ್ ಕೆಟ್ಟಿಲ್ಲ. ಆನ್ ಆದ ಕೂಡಲೇ ಕೊನೆಯ ಸಲ ಜೊತೆಗಿದ್ದ ಫೋನನ್ನು ಹುಡುಕು ಎಂದು ಅದಕ್ಕೆ ಹೇಳಿಕೊಟ್ಟಿದ್ದಾರೆ, ಅಷ್ಟೇ. ಬ್ಲೂಟೂತ್ ಹುಟ್ಟಿದ್ದೇ ವೈರಿನ ಬದಲಿಗೆ. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಕೆಲಸ ಶುರುವಾಯಿತು, 1998ರಲ್ಲಿ ಎರಿಕ್ಸನ್, ಇಂಟೆಲ್, ನೋಕಿಯಾ, ಐಬಿಎಂ, ತೋಷಿಬಾ ಸೇರಿ ಅದಕ್ಕೊಂದು ಒಕ್ಕೂಟ ಕಟ್ಟಿಕೊಂಡವು. ವೈರಿಗೆ ಎರಡೇ ತುದಿ. ಆ ಒಂದಕ್ಕೆ ಒಂದು ಎಂಬ ಯೋಚನೆ ಇವತ್ತಿಗೂ ಸ್ಪೀಕರ್, ಇಯರ್‌ಬಡ್ಸ್‌ಗಳಲ್ಲಿ ಉಳಿದುಬಂದಿದೆ.

ಇದಕ್ಕೆ ಎರಡು ದಾರಿ. ಸಾಧನದಲ್ಲಿ ಮಲ್ಟಿಪಾಯಿಂಟ್ ಇದ್ದರೆ ಅದು ಒಟ್ಟಿಗೆ ಎರಡು ಫೋನ್‌ಗಳ ಜೊತೆ ಇರಬಲ್ಲದು. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್, ಕೈಯಲ್ಲಿ ಫೋನ್ ಇರುವವರು ಹೆಡ್‌ಫೋನ್ ಕೊಳ್ಳುವಾಗ ಈ ಒಂದು ಸೌಲಭ್ಯ ಇದೆಯಾ ಅಂತ ಕೇಳಿಯೇ ಕೊಳ್ಳಿ. ಬಣ್ಣ, ಬಾಸ್ ಇವೆಲ್ಲಕ್ಕಿಂತ ಜಾಸ್ತಿ ಉಪಯೋಗ ಇದರಿಂದಲೇ. ಮಲ್ಟಿಪಾಯಿಂಟ್ ಇಲ್ಲದಿದ್ದರೆ ಮಗಳ ಫೋನಿನಲ್ಲಿ ಸ್ಪೀಕರನ್ನು ಡಿಸ್‌ಕನೆಕ್ಟ್ ಮಾಡಿಸಬೇಕು. ಗಮನಿಸಿ, ಫರ್ಗೆಟ್ ಅಲ್ಲ, ಬರೀ ಡಿಸ್‌ಕನೆಕ್ಟ್. ಫರ್ಗೆಟ್ ಮಾಡಿದರೆ ಸಂಜೆ ಅವಳು ಮತ್ತೆ ಪೇರಿಂಗ್‌ನಿಂದ ಶುರುಮಾಡಬೇಕಾಗುತ್ತದೆ.

ಸ್ಮಾರ್ಟ್‌ವಾಚ್, ಫಿಟ್‌ನೆಸ್ ಬ್ಯಾಂಡ್‌ಗಳ ಲೆಕ್ಕ ಸ್ವಲ್ಪ ಬೇರೆ. 2010ರಲ್ಲಿ ಬಂದ 4.0 ಆವೃತ್ತಿಯಲ್ಲಿ ಲೋ ಎನರ್ಜಿ ಎಂಬ ಇನ್ನೊಂದು ಬಗೆಯ ಬ್ಲೂಟೂತ್ ಸೇರಿತು. ಹೆಸರು ಒಂದೇ ಆದರೂ ಕೆಲಸ ಮಾಡುವ ರೀತಿ ಬೇರೆ. ಹಾಡಿನ ಹಾಗೆ ನಿಲ್ಲದೆ ಡೇಟಾ ಹರಿಸುವ ಬದಲು ಅಗತ್ಯವಿದ್ದಾಗ ಚೂರು ಮಾಹಿತಿ ಕಳಿಸಿ ಮಿಕ್ಕ ಹೊತ್ತು ರೇಡಿಯೊ ಮಲಗಿರುತ್ತದೆ, ಅದಕ್ಕೇ ಅಂಥ ಪುಟ್ಟ ಬ್ಯಾಟರಿಯಲ್ಲೂ ಕೆಲವು ಬ್ಯಾಂಡ್‌ಗಳು ದಿನಗಟ್ಟಲೆ ನಡೆಯುತ್ತವೆ. ಇವು ಯಾರಿಗೂ ಕನೆಕ್ಟ್ ಆಗಿಲ್ಲದಾಗ 'ನಾನಿಲ್ಲಿದ್ದೇನೆ' ಎಂದು ಆಗಾಗ ಸಾರುತ್ತಿರುತ್ತವೆ. ಒಂದು ಫೋನಿಗೆ ಕನೆಕ್ಟ್ ಆದ ಕೂಡಲೇ ಹೆಚ್ಚಿನವು ಸಾರುವುದನ್ನು ನಿಲ್ಲಿಸುತ್ತವೆ. ಹೊಸ ಫೋನ್ ತಂದು ವಾಚ್ ಹುಡುಕಿದರೆ ಪಟ್ಟಿಯಲ್ಲಿ ಹೆಸರೇ ಕಾಣುವುದಿಲ್ಲ ಅನ್ನುವ ದೂರು ಬರುವುದು ಇಲ್ಲಿಂದಲೇ. ಡ್ರಾಯರ್‌ನಲ್ಲಿರುವ ಹಳೆಯ ಫೋನ್ ಇನ್ನೂ ಆನ್ ಇರುತ್ತದೆ, ವಾಚ್ ಅದರ ಜೊತೆಗಿರುತ್ತದೆ. ಹಳೆಯ ಫೋನಿನ ಬ್ಲೂಟೂತ್ ಆಫ್ ಮಾಡಿ ಮತ್ತೆ ಹುಡುಕಿ. ಕೆಲವು ವಾಚ್‌ಗಳು ಅಷ್ಟಕ್ಕೂ ಒಪ್ಪುವುದಿಲ್ಲ, ಹಳೆಯ ಫೋನಿನ ಆಪ್‌ನಲ್ಲಿ ಅನ್‌ಪೇರ್ ಮಾಡಲೇಬೇಕು.

ವಾಚನ್ನು ಬ್ಲೂಟೂತ್ ಪಟ್ಟಿಯಿಂದ ನೇರವಾಗಿ ಜೋಡಿಸಲು ಹೋಗಬೇಡಿ, ಅದರದೇ ಆಪ್‌ನ ಮೂಲಕ ಜೋಡಿಸಿ. ಆಂಡ್ರಾಯ್ಡ್ 12ರಿಂದ ಆಪ್‌ಗಳು 'ನಿಯರ್‌ಬೈ ಡಿವೈಸಸ್' ಎಂಬ ಅನುಮತಿ ಕೇಳುತ್ತವೆ. ಅದನ್ನು ಬೇಡ ಅಂದುಬಿಟ್ಟರೆ ಆಪ್‌ಗೆ ವಾಚ್ ಕಾಣುವುದೇ ಇಲ್ಲ. ಅದಕ್ಕೂ ಹಳೆಯ ಆಂಡ್ರಾಯ್ಡ್‌ಗಳಲ್ಲಿ ಲೊಕೇಶನ್ ಅನುಮತಿ ಕೇಳುತ್ತಿದ್ದವು, ಬ್ಯಾಂಡ್‌ಗೆ ನನ್ನ ಜಾಗ ಯಾಕೆ ಬೇಕು ಅಂತ ಜನ ಗಾಬರಿಯಾಗುತ್ತಿದ್ದರು. ಸುತ್ತಮುತ್ತ ಯಾವ ಬ್ಲೂಟೂತ್ ಸಾಧನಗಳಿವೆ ಅನ್ನುವುದರಿಂದಲೇ ನೀವು ಎಲ್ಲಿದ್ದೀರಿ ಎಂದು ಊಹಿಸಬಹುದಾದ್ದರಿಂದ ಆಂಡ್ರಾಯ್ಡ್ ಎರಡನ್ನೂ ಒಂದೇ ಅನುಮತಿಯಡಿ ಇಟ್ಟಿತ್ತು. ಗಾಬರಿ ಸುಳ್ಳಾಗಿರಲಿಲ್ಲ.

ವಾಚ್ ಕನೆಕ್ಟ್ ಆಗಿದೆ, ಆದರೆ ಮೆಸೇಜ್ ಬಂದಿದ್ದು ತೋರಿಸುತ್ತಿಲ್ಲ ಅನ್ನುವವರು ಬ್ಲೂಟೂತ್ ಬಿಟ್ಟು ಬ್ಯಾಟರಿ ಸೆಟ್ಟಿಂಗ್ಸ್ ನೋಡಿ. ಫೋನ್ ಚಾರ್ಜ್ ಉಳಿಸಲು ಹಿನ್ನೆಲೆಯಲ್ಲಿದ್ದ ವಾಚ್‌ನ ಆಪನ್ನು ನಿಲ್ಲಿಸಿಬಿಟ್ಟಿರುತ್ತದೆ. ಆ ಆಪ್‌ನ ಬ್ಯಾಟರಿ ಬಳಕೆಯನ್ನು ಅನ್‌ರಿಸ್ಟ್ರಿಕ್ಟೆಡ್ ಮಾಡಿದರೆ ಹೆಚ್ಚಾಗಿ ಸರಿಹೋಗುತ್ತದೆ.

ಈಗ ಕನೆಕ್ಟ್ ಆದ ಮೇಲಿನ ವಿಷಯ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ನನ್ನ ಪ್ರಕಾರ ಎಲ್ಲರೂ ತಿಳಿದಿರಲೇಬೇಕು. ಒಂದು ಕನೆಕ್ಷನ್ ಒಳಗೆ ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ಪ್ರೊಫೈಲ್‌ಗಳಿರುತ್ತವೆ. ಹಾಡು ಕೇಳಲು ಎ2ಡಿಪಿ. ಕಾಲ್ ಮಾತಿಗೆ ಎಚ್‌ಎಫ್‌ಪಿ. ಹಾಡು ಮುಂದೆ ಹಿಂದೆ ಮಾಡುವ ಗುಂಡಿಗಳಿಗೆ ಇನ್ನೊಂದು. ಫೋನಿನ ಕಾಂಟ್ಯಾಕ್ಟ್ಸ್ ಮತ್ತು ಕಾಲ್ ಪಟ್ಟಿಯನ್ನು ಕಾರಿಗೆ ಕೊಡಲು ಪಿಬಿಎಪಿ. ಮೆಸೇಜ್‌ಗಳಿಗೆ ಎಂಎಪಿ. ಆಂಡ್ರಾಯ್ಡ್‌ನಲ್ಲಿ ಸಾಧನದ ಹೆಸರಿನ ಪಕ್ಕದ ಹಲ್ಲುಚಕ್ರದ ಗುರುತು ಒತ್ತಿ ನೋಡಿ. ಕಾಲ್, ಮೀಡಿಯಾ ಆಡಿಯೊ, ಕಾಂಟ್ಯಾಕ್ಟ್ಸ್ ಹೀಗೆ ಬೇರೆ ಬೇರೆ ಸ್ವಿಚ್‌ಗಳು ಕಾಣುತ್ತವೆ. 'ಕಾಲ್ ಬಂದರೆ ಕಾರಿನಲ್ಲಿ ಕೇಳುತ್ತದೆ, ಹಾಡು ಮಾತ್ರ ಫೋನಿನಲ್ಲೇ ಬರುತ್ತದೆ' ಅಂದರೆ ಅಲ್ಲಿ ಮೀಡಿಯಾ ಆಡಿಯೊ ಆಫ್ ಆಗಿರುವ ಸಾಧ್ಯತೆ ಹೆಚ್ಚು. ಉಲ್ಟಾ ಕೂಡ ಉಪಯೋಗಕ್ಕೆ ಬರುತ್ತದೆ. ಹಾಲ್‌ನ ಸ್ಪೀಕರ್‌ಗೆ ಕಾಲ್ ಸ್ವಿಚ್ ಇದ್ದರೆ ಆಫ್ ಮಾಡಿಡಿ. ಇಲ್ಲದಿದ್ದರೆ ನೆಂಟರೆಲ್ಲ ಕೂತಿರುವಾಗ ಬ್ಯಾಂಕಿನವರ ಕಾಲ್ ಜೋರಾಗಿ ಇಡೀ ಮನೆಗೆ ಕೇಳುತ್ತದೆ.

ಇದೇ ಪ್ರೊಫೈಲ್‌ನಿಂದ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. ಇಯರ್‌ಬಡ್ಸ್‌ನಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ, ಆದರೆ ಆನ್‌ಲೈನ್ ಕ್ಲಾಸಿನಲ್ಲಿ ಮೈಕ್ ಆನ್ ಮಾಡಿದ ತಕ್ಷಣ ದನಿ ಡಬ್ಬದೊಳಗಿಂದ ಬಂದಂತೆ ಆಗುತ್ತದೆ. ಎ2ಡಿಪಿಯಲ್ಲಿ ಧ್ವನಿ ಒಂದೇ ದಿಕ್ಕಿಗೆ ಹೋಗುತ್ತದೆ, ಅದರಲ್ಲಿ ಮೈಕ್‌ಗೆ ಜಾಗವಿಲ್ಲ. ಮೈಕ್ ಬೇಕೆಂದ ಕೂಡಲೇ ಫೋನ್ ಎಚ್‌ಎಫ್‌ಪಿಗೆ ಬದಲಾಗುತ್ತದೆ. ಅದು ಮಾತಿಗೆಂದು ಮಾಡಿದ್ದು. ಸೆಕೆಂಡಿಗೆ 8000 ಸಲ, ಹೊಸತಾದರೆ 16000 ಸಲ ಧ್ವನಿಯನ್ನು ಅಳೆಯುತ್ತದೆ. ಸಿಡಿಯಲ್ಲಿ ಅದು 44100. ಕಡಿಮೆ ಸಲ ಅಳೆದಷ್ಟೂ ದನಿ ಮಂಕಾಗುತ್ತದೆ. ಹಾಗಾಗಿ ನಿಮ್ಮ ಇಯರ್‌ಬಡ್ಸ್ ಕೆಟ್ಟಿವೆ ಎಂದು ಅಂಗಡಿಗೆ ಓಡಬೇಡಿ. ಒಂದು ಸುಲಭ ಉಪಾಯ ಎಂದರೆ, ಆಪ್ ಬಿಡುವುದಾದರೆ ಫೋನಿನದೇ ಮೈಕ್ ಆರಿಸಿಕೊಂಡು ಇಯರ್‌ಬಡ್ಸನ್ನು ಕೇಳಲು ಮಾತ್ರ ಬಳಸುವುದು. ಎಲ್‌ಇ ಆಡಿಯೊ ಎಂಬ ಹೊಸ ವ್ಯವಸ್ಥೆಯಲ್ಲಿ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. 2020ರಲ್ಲಿ ಅದನ್ನು ಘೋಷಿಸಿದರು, ಆಂಡ್ರಾಯ್ಡ್ 13ರಿಂದ ಬೆಂಬಲ ಬಂದಿದೆ. ಆದರೆ ಫೋನ್ ಮತ್ತು ಇಯರ್‌ಬಡ್ಸ್ ಎರಡರಲ್ಲೂ ಇರಬೇಕು. ಕಿವಿ ಮಂದವಾಗಿರುವ ಹಿರಿಯರು ಮನೆಯಲ್ಲಿದ್ದರೆ, ಹೊಸ ಶ್ರವಣ ಸಾಧನ ಕೊಳ್ಳುವ ಮೊದಲು ಈ ಎಲ್‌ಇ ಆಡಿಯೊ ಬಗ್ಗೆ ವಿಚಾರಿಸಿ. ಫೋನಿನ ಮಾತು ನೇರ ಅವರ ಕಿವಿಗೆ ಬೀಳುವಂತೆ ಮಾಡುವುದು ಅದರ ಮುಖ್ಯ ಉದ್ದೇಶಗಳಲ್ಲೊಂದು.

ಹಾಡು ತಡವರಿಸುವುದು, ಮಧ್ಯೆ ಮಧ್ಯೆ ಕಡಿಯುವುದು ರೇಡಿಯೊ ಅಲೆಯ ಸಮಸ್ಯೆ. ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳಲ್ಲಿ. ಅಲ್ಲಿಯೇ ಮನೆಯ ವೈಫೈ ಇದೆ, ಮೈಕ್ರೊವೇವ್ ಒಲೆ ಇದೆ. ಈ ಗದ್ದಲದಲ್ಲಿ ಬದುಕಲು ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ, 2003ರ ನಂತರದ ಸಾಧನಗಳು ವೈಫೈ ತುಂಬಿರುವ ಚಾನೆಲ್‌ಗಳನ್ನು ಗುರುತಿಸಿ ಬಿಟ್ಟು ಜಿಗಿಯುತ್ತವೆ. ಸಾಮಾನ್ಯವಾಗಿ ಇಷ್ಟು ಸಾಕು. ಆದರೆ ಸಂಜೆ ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಂಥ ಕಡೆ, ಸುತ್ತ ಎಲ್ಲರ ಕಿವಿಯಲ್ಲೂ ಇಯರ್‌ಬಡ್ಸ್ ಇರುವಾಗ, ಖಾಲಿ ಚಾನೆಲ್ ಸಿಗುವುದೇ ಕಷ್ಟ. ಜೊತೆಗೆ ನಮ್ಮ ಮೈಯಲ್ಲಿ ಬಹುಪಾಲು ನೀರು, ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಪ್ಯಾಂಟಿನ ಹಿಂದಿನ ಜೇಬಿನಲ್ಲಿರುವ ಫೋನನ್ನು ಮುಂದೆ ಅಂಗಿಯ ಜೇಬಿಗೆ ಹಾಕಿದರೆ ತಡವರಿಕೆ ನಿಂತದ್ದುಂಟು. ಮನೆಯಲ್ಲಾದರೆ ಫೋನಿನ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ ನೋಡಿ. ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ.

ಫೈಲ್ ಕಳಿಸುವ ವಿಷಯ ಬೇಗ ಮುಗಿಸುತ್ತೇನೆ. ಬ್ಲೂಟೂತ್‌ನಲ್ಲಿ ದೊಡ್ಡ ವಿಡಿಯೊ ಕಳಿಸಬೇಡಿ, ಅದರ ವೇಗ ಹೆಚ್ಚೆಂದರೆ ಸೆಕೆಂಡಿಗೆ ಎರಡು ಮೆಗಾಬಿಟ್ ಆಸುಪಾಸು. ಕ್ವಿಕ್ ಶೇರ್, ಏರ್‌ಡ್ರಾಪ್‌ನಂಥವು ಪಕ್ಕದ ಫೋನನ್ನು ಹುಡುಕಲು ಮಾತ್ರ ಬ್ಲೂಟೂತ್ ಬಳಸುತ್ತವೆ, ದೊಡ್ಡ ಫೈಲ್ ಸಾಗಿಸುವುದು ವೈಫೈ ಮೇಲೆ. ಇನ್ನು ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಬರೀ ಬ್ಲೂಟೂತ್‌ನಲ್ಲಿ ಫೋಟೊ ಹೋಗುವುದಿಲ್ಲ. ಐಫೋನ್‌ನಲ್ಲಿ ಆ ಪ್ರೊಫೈಲ್ ಇಟ್ಟಿಲ್ಲ. ಪೇರ್ ಮಾಡಲು ಒದ್ದಾಡಿ ಪ್ರಯೋಜನವಿಲ್ಲ.

ಆಫ್ ಮಾಡುವುದರಲ್ಲೂ ಒಂದು ಸೂಕ್ಷ್ಮ ಇದೆ. ಐಫೋನ್‌ನಲ್ಲಿ ಕಂಟ್ರೋಲ್ ಸೆಂಟರ್‌ನ ಬ್ಲೂಟೂತ್ ಗುರುತು ಒತ್ತಿದರೆ ಬ್ಲೂಟೂತ್ ಆಫ್ ಆಗುವುದಿಲ್ಲ. 2017ರ ಐಒಎಸ್ 11ರಿಂದ ಹೀಗಿದೆ. ಇಯರ್‌ಫೋನ್, ಸ್ಪೀಕರ್‌ಗಳಿಂದ ಕಡಿದುಕೊಳ್ಳುತ್ತದೆ, ಆಪಲ್ ವಾಚ್‌ನಂಥವಕ್ಕೆ ಒಳಗೊಳಗೇ ಕೆಲಸ ಮಾಡುತ್ತಿರುತ್ತದೆ, ಮರುದಿನ ಬೆಳಿಗ್ಗೆ ಐದಕ್ಕೆ ತಾನಾಗಿ ಎಲ್ಲಕ್ಕೂ ತೆರೆದುಕೊಳ್ಳುತ್ತದೆ. ನಿಜವಾಗಿ ಆಫ್ ಆಗಬೇಕಾದರೆ ಸೆಟ್ಟಿಂಗ್ಸ್ ಒಳಗೆ ಹೋಗಿಯೇ ಮಾಡಬೇಕು. ಆಂಡ್ರಾಯ್ಡ್‌ನಲ್ಲಿ ಸ್ವಿಚ್ ಆಫ್ ಮಾಡಿದರೂ ಲೊಕೇಶನ್ ಸೆಟ್ಟಿಂಗ್ಸ್ ಒಳಗೆ 'ಬ್ಲೂಟೂತ್ ಸ್ಕ್ಯಾನಿಂಗ್' ಅಂತ ಬೇರೆ ಒಂದು ಸ್ವಿಚ್ ಇರುತ್ತದೆ. ಅದು ಆನ್ ಇದ್ದರೆ ನಿಮ್ಮ ಜಾಗ ನಿಖರವಾಗಿ ತಿಳಿಯಲು ಫೋನ್ ಸುತ್ತಲ ಸಾಧನಗಳನ್ನು ಹುಡುಕುತ್ತಲೇ ಇರಬಹುದು. ಬೇಡವಾದರೆ ಅದನ್ನೂ ಆಫ್ ಮಾಡಿ.

ಬ್ಯಾಟರಿ ಉಳಿಸಲೆಂದು ದಿನಕ್ಕೆ ಹತ್ತು ಸಲ ಬ್ಲೂಟೂತ್ ಆಫ್ ಮಾಡುವ ಅಗತ್ಯ ಈಗಿನ ಫೋನ್‌ಗಳಲ್ಲಿಲ್ಲ. ಸುಮ್ನೆ ಆನ್ ಇದ್ದರೆ ಅದು ತಿನ್ನುವ ಚಾರ್ಜ್ ತೀರಾ ಕಡಿಮೆ. ಬಳಕೆ ಇಲ್ಲದಾಗ ಆಫ್ ಇಡುವುದಕ್ಕೆ ಒಳ್ಳೆಯ ಕಾರಣ ಸುರಕ್ಷತೆ. 2017ರಲ್ಲಿ ಅರ್ಮಿಸ್ ಎಂಬ ಕಂಪನಿಯ ಸಂಶೋಧಕರು ಬ್ಲೂಬೋರ್ನ್ ಎಂಬ ದೋಷಗಳ ಗುಂಪನ್ನು ಬಯಲಿಗೆ ತಂದರು. ಪೇರ್ ಮಾಡದೆಯೇ, ಬ್ಲೂಟೂತ್ ಆನ್ ಇದ್ದರೆ ಸಾಕು, ಹತ್ತಿರದಲ್ಲಿರುವವರು ಒಳನುಗ್ಗಬಹುದಿತ್ತು. ಅಪ್‌ಡೇಟ್ ಬಂದು ಅವು ಮುಚ್ಚಿದವು. ಆದರೆ ಅಪ್‌ಡೇಟ್ ನಿಂತುಹೋದ ಹಳೆಯ ಫೋನ್‌ಗಳಿಗೆ ಇಂಥ ರಕ್ಷಣೆ ಬರುವುದಿಲ್ಲ. ನಿಮ್ಮದು ಅಂಥ ಫೋನಾದರೆ ಬಸ್ ಸ್ಟ್ಯಾಂಡ್, ರೈಲಿನಲ್ಲಿ ಬ್ಲೂಟೂತ್ ಆಫ್ ಇಡುವುದು ಒಳ್ಳೆಯದು. ಗೊತ್ತಿಲ್ಲದ ಪೇರಿಂಗ್ ಕೋರಿಕೆ ಬಂದರೆ ಯಾವ ಫೋನಾದರೂ ಸರಿ, ಬೇಡ ಅನ್ನಿ.

ನನಗೆ ಇವೆಲ್ಲಕ್ಕಿಂತ ದೊಡ್ಡ ಚಿಂತೆ ಬಾಡಿಗೆ ಕಾರು. ಬೆಂಗಳೂರಿನಲ್ಲಿ ಸೆಲ್ಫ್ ಡ್ರೈವ್ ಕಾರು ತೆಗೆದುಕೊಂಡು ಸಕಲೇಶಪುರಕ್ಕೋ ಚಿಕ್ಕಮಗಳೂರಿಗೋ ಹೋಗುತ್ತೇವೆ, ಹಾಡಿಗಾಗಿ ಫೋನ್ ಪೇರ್ ಮಾಡುತ್ತೇವೆ. ಆ ಹೊತ್ತಿಗೆ 'ಕಾಂಟ್ಯಾಕ್ಟ್ಸ್ ಮತ್ತು ಕಾಲ್ ಹಿಸ್ಟರಿಗೆ ಅನುಮತಿ ಕೊಡಿ' ಎಂದು ಒಂದು ಸಣ್ಣ ಟಿಕ್ ಬರುತ್ತದೆ, ಅವಸರದಲ್ಲಿ ಒತ್ತಿಬಿಡುತ್ತೇವೆ. ಹಲವು ಕಾರುಗಳು ಆ ಹೆಸರು, ನಂಬರ್‌ಗಳನ್ನು ತಮ್ಮ ಮೆಮೊರಿಗೆ ಇಳಿಸಿಕೊಳ್ಳುತ್ತವೆ. ಅವು ನಿಮ್ಮದಷ್ಟೇ ಅಲ್ಲ, ನಿಮ್ಮನ್ನು ನಂಬಿ ನಂಬರ್ ಕೊಟ್ಟ ಎಲ್ಲರದ್ದು. ಹಾಡು ಕೇಳಲು ಈ ಅನುಮತಿ ಬೇಕಾಗಿಲ್ಲ. ಬೇಡ ಅಂದರೂ ಹಾಡು ಬರುತ್ತದೆ, ಕಾಲ್ ಕೂಡ ಬರುತ್ತದೆ, ಪರದೆ ಮೇಲೆ ಹೆಸರಿನ ಬದಲು ನಂಬರ್ ಕಾಣಬಹುದು ಅಷ್ಟೇ. ಕಾರು ಹಿಂದಿರುಗಿಸುವ ಮುನ್ನ ಕಾರಿನ ಪಟ್ಟಿಯಿಂದ ನಿಮ್ಮ ಫೋನನ್ನು ಡಿಲೀಟ್ ಮಾಡಿ. ಇಲ್ಲಿ ಫೋನಿನಲ್ಲಿ ಮಾತ್ರ ಫರ್ಗೆಟ್ ಮಾಡಿದರೆ ಏನೂ ಉಪಯೋಗವಿಲ್ಲ ಅನ್ನುವುದು ಈಗಾಗಲೇ ಗೊತ್ತಾಯಿತಲ್ಲ. ಸ್ವಂತ ಕಾರು ಮಾರುವಾಗ ಕಾರಿನ ಸಿಸ್ಟಮ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಇದ್ದರೆ ಅದನ್ನೇ ಮಾಡಿ.

ಏನು ಮಾಡಿದರೂ ಸರಿಹೋಗದಿದ್ದಾಗ ಕೊನೆಗೆ ಉಳಿಯುವುದು ನೆಟ್‌ವರ್ಕ್ ರೀಸೆಟ್. ಐಫೋನ್‌ನಲ್ಲಿ ಜನರಲ್ ಒಳಗೆ ಟ್ರಾನ್ಸ್‌ಫರ್ ಆರ್ ರೀಸೆಟ್ ಐಫೋನ್, ಅದರಲ್ಲಿ ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್. ಆಂಡ್ರಾಯ್ಡ್‌ನಲ್ಲಿ ಹೆಚ್ಚಾಗಿ ಸಿಸ್ಟಮ್ ಒಳಗಿನ ರೀಸೆಟ್ ಆಪ್ಷನ್ಸ್. ಇದನ್ನು ಮೊದಲ ಮದ್ದಾಗಿ ಸೂಚಿಸುವವರ ಮಾತು ಕೇಳಬೇಡಿ. ಫೋಟೊ, ಆಪ್‌ಗಳಿಗೆ ಏನೂ ಆಗುವುದಿಲ್ಲ ನಿಜ, ಆದರೆ ಸೇವ್ ಆಗಿದ್ದ ವೈಫೈ ಪಾಸ್‌ವರ್ಡ್‌ಗಳೂ ಅಳಿಸಿಹೋಗುತ್ತವೆ. ಆಂಡ್ರಾಯ್ಡ್‌ನಲ್ಲಾದರೆ ಎಲ್ಲ ಪೇರಿಂಗ್ ಕೂಡ ಹೋಗುತ್ತದೆ, ಮತ್ತೆ ಪೇರ್ ಮಾಡುವಾಗ ಪ್ರತಿ ಸಾಧನದ ಕಡೆಯೂ ಹಳೆಯ ಹೆಸರು ಅಳಿಸಬೇಕಾಗಿ ಬರಬಹುದು. ಅದಕ್ಕೆ ಮೊದಲು ತೊಂದರೆ ಕೊಡುತ್ತಿರುವ ಅದೇ ಸಾಧನವನ್ನು ಬೇರೊಂದು ಫೋನಿಗೆ ಜೋಡಿಸಿ ನೋಡಿ. ಅಲ್ಲೂ ಹಾಗೆಯೇ ಮಾಡಿದರೆ ದೋಷ ಹೆಚ್ಚಾಗಿ ಆ ಸಾಧನದ್ದೇ, ನಿಮ್ಮ ಫೋನನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ.